ದುಡ್ಡು ಹನ್ನೆರಡು ಗಾಲಿಗೆ, ಬಂದಿದ್ದು ಎಂಟು: ಇಂಡಿಯನ್ ಲೋಕೋ ಆರ್ಡರ್ ಕೊಡುವವರು ಓದಿ

ಮಾಡೆಲ್ ರೈಲಿನ ಹುಚ್ಚು ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. "ಇಂಡಿಯನ್ ಲೋಕೋ ಕಸ್ಟಮ್ ಮಾಡಿಕೊಡ್ತೀವಿ" ಅಂತ ಯಾರಾದರೂ ಮುಂಗಡ ಕೇಳಿದರೆ, ಇಂಜಿನ್ ಮಗುಚಿ ಹಾಕಿ ತಳ ತೋರಿಸುವ ವಿಡಿಯೋ ಬರುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ತಳ. ತಳ ತೋರಿಸಲಿ ಮೊದಲು. ಮೇಲಿನಿಂದ ತೆಗೆದ ಫೋಟೋ ಎಷ್ಟೇ ಚೆನ್ನಾಗಿರಲಿ, ಬೇಡ.

ನನ್ನ 18,000 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಆ ಆಸಾಮಿ ಕೊಟ್ಟ ಉತ್ತರಗಳು ಜಾಸ್ತಿ ಉರಿಸುತ್ತಿವೆ. ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಆದರೆ ಹೀಗೆ ಮಾಡುವವನು ಇವನೊಬ್ಬನೇ ಅಲ್ಲ ಅಂತ ಆಮೇಲೆ ಬೇರೆಯವರಿಂದಲೂ ಕೇಳಿದೆ.

ನಾನು ಕೇಳಿದ್ದು ಡಬ್ಲ್ಯೂಡಿಎಂ-2. ಹೆಸರು ಗೊತ್ತಿಲ್ಲದವರೂ ಇಂಜಿನ್ ನೋಡಿರುತ್ತೀರಿ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾಗಿ, ದೇಶದ ಮೂಲೆ ಮೂಲೆಯಲ್ಲಿ ಓಡಿದ ಡೀಸೆಲ್ ಇಂಜಿನ್. 2,600 ಅಶ್ವಶಕ್ತಿ. ಸ್ಟೇಷನ್ನಿನಲ್ಲಿ ನಿಂತಾಗ ಗುಡುಗುಡು ಅಂತ ಒಂದೇ ಸಮ ಸದ್ದು, ಹೊರಡುವಾಗ ಕರ್ರಗಿನ ಹೊಗೆ. ನಾನು ಬೆಳೆದದ್ದು ಅರಸೀಕೆರೆಯಲ್ಲಿ. ಈಗ ಬೆಂಗಳೂರಿನ ಮನೆಯ ಚಿಕ್ಕ ರೂಮಿನಲ್ಲಿ ಎರಡು ಪ್ಲೈವುಡ್ ಹಲಗೆ ಜೋಡಿಸಿ ಅರಸೀಕೆರೆ ಸ್ಟೇಷನ್ ಮಾಡಿಕೊಂಡಿದ್ದೇನೆ. ಹಳದಿ ಬೋರ್ಡ್ ಇದೆ, ಚಹಾ ಅಂಗಡಿ ಇದೆ, ನೀಲಿ ಬೋಗಿಗಳಿವೆ. ಎಳೆಯೋಕೆ ಮಾತ್ರ ಅಮೆರಿಕದ ಯಾವುದೋ ಕಂಪನಿ ಬಣ್ಣದ ಇಂಜಿನ್. ನೋಡಿದವರೆಲ್ಲ ನಗುತ್ತಿದ್ದರು.

ಈ ಹವ್ಯಾಸದ ಕಷ್ಟ ಇದೇ. ಜರ್ಮನಿಯ ರೈಲು ಬೇಕಾ, ಸಿಗುತ್ತದೆ. ಇಂಗ್ಲೆಂಡಿನದು, ಜಪಾನಿನದು, ಅಮೆರಿಕದ್ದು ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುತ್ತದೆ. ನಮ್ಮದು ಬೇಕು ಅಂದರೆ ಯಾರಾದರೂ ಕೈಯಲ್ಲಿ ಮಾಡಿಕೊಡಬೇಕು. ಹೊರಗಿನಿಂದ ಒಳ್ಳೆ ಇಂಜಿನ್ ತರಿಸಿ ನಾವೇ ಮೈ ಬದಲಾಯಿಸೋಣ ಅಂದರೆ ಸುಂಕ ನೋಡಿ. ಆಟಿಕೆ ಆಮದಿನ ಮೇಲೆ 20 ಪರ್ಸೆಂಟ್ ಇದ್ದದ್ದು 2020ರಲ್ಲಿ 60 ಆಯಿತು, 2023ರಲ್ಲಿ 70. ಕಸ್ಟಮ್ಸ್‌ನವರಿಗೆ ಐವತ್ತು ವರ್ಷದ ಗಂಡಸು ತರಿಸುವ ಇಂಜಿನ್ನೂ ಆಟಿಕೆಯೇ, ಮಗುವಿನ ಗಿಲಕಿಯೂ ಆಟಿಕೆಯೇ. ಅದಕ್ಕೇ ಎಲ್ಲರೂ ಇಂಥ ಕೈಕಸುಬಿನವರನ್ನು ಹುಡುಕಿಕೊಂಡು ಹೋಗುವುದು. ಅವರಲ್ಲಿ ಚಿನ್ನದಂಥ ಕೆಲಸಗಾರರಿದ್ದಾರೆ, ಇಲ್ಲ ಅನ್ನಲ್ಲ. ಪುಣೆಯಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿದವರಿಗೆ ಗೊತ್ತು, ನಮ್ಮ ಜನ ಕೂತು ಮಾಡಿದರೆ ಎಂಥದ್ದು ಮಾಡಬಲ್ಲರು ಅಂತ.

ಇವನ ಜಾಹೀರಾತಿನಲ್ಲಿದ್ದ ಫೋಟೋ ಕೂಡ ಹಾಗೇ ಇತ್ತು. ಕ್ಯಾಬಿನ್ ಕಿಟಕಿಯ ರಬ್ಬರ್ ಅಂಚು, ಕೈಹಿಡಿಯ ತಂತಿ, ಬಾನೆಟ್ ಬಾಗಿಲಿನ ಚಿಲಕ, ಎಲ್ಲ ಕಾಣುತ್ತಿತ್ತು. ಎಚ್‌ಒ ಸ್ಕೇಲ್, ಡೈ ಕಾಸ್ಟ್ (ಲೋಹ ಎರಕ ಹೊಯ್ದ) ಚಾಸಿಸ್, ಡಿಸಿಸಿ (ಡಿಜಿಟಲ್ ಸಂಕೇತದಿಂದ ಇಂಜಿನ್ ಓಡಿಸುವ ವ್ಯವಸ್ಥೆ) ರೆಡಿ, ಕೇಳಿದ ಶೆಡ್ಡಿನ (ಇಂಜಿನ್ ಇಟ್ಟು ರಿಪೇರಿ ಮಾಡುವ ಜಾಗ) ಹೆಸರು ಬರೆದುಕೊಡ್ತೀವಿ ಅಂತ ಇತ್ತು. ನಾನು ಕೃಷ್ಣರಾಜಪುರಂ ಶೆಡ್ ಅಂದೆ. "ಆಯ್ತು ಸರ್, ಕೆಜೆಎಂ ಅಲ್ವಾ, ನಮ್ಮೂರ ಶೆಡ್ಡೇ ಸರ್ ಅದು" ಅಂದ. ಶೆಡ್ ಕೋಡ್ ಬಾಯಲ್ಲಿ ಬಂತಲ್ಲ, ಅಲ್ಲಿಗೆ ನನಗೆ ಇವನು ನಮ್ಮವನೇ ಅನ್ನಿಸಿತು. ಅರ್ಧ ಮುಂಗಡ, ಉಳಿದರ್ಧ ಕೊರಿಯರ್‌ಗೆ ಹಾಕುವ ಮೊದಲು. ಇದು ಮಾಮೂಲಿ, ಎಲ್ಲರೂ ಹೀಗೇ ತಗೊಳ್ಳುತ್ತಾರೆ. ಯುಪಿಐನಲ್ಲಿ ಹೋಯಿತು.

ಮಧ್ಯೆ ಎರಡು ತಿಂಗಳು ಏನು ಕೇಳಿದರೂ "ಪೇಂಟ್ ಒಣಗ್ತಾ ಇದೆ ಸರ್". ಮಳೆಗಾಲ, ಒಣಗಲಿ ಪಾಪ ಅಂತ ಸುಮ್ಮನಿದ್ದೆ. ಕೊನೆಗೆ ಎರಡು ಫೋಟೋ ಬಂತು, ಎರಡೂ ಮೇಲಿನಿಂದ. ಪಕ್ಕದ್ದು ಕಳಿಸಿ ಅಂದೆ. "ಪ್ಯಾಕ್ ಆಗಿಬಿಡ್ತು ಸರ್, ಬ್ಯಾಲೆನ್ಸ್ ಹಾಕಿದ್ರೆ ಇವತ್ತೇ ಡಿಸ್ಪ್ಯಾಚ್."

ಬಾಕ್ಸ್ ಬಂದದ್ದು ಭಾನುವಾರಕ್ಕೆ ಮುಂಚಿನ ದಿನ. ಮನೆಯಲ್ಲಿ ಹೆಂಡತಿಯ ತಮ್ಮ ಬಂದಿದ್ದ. ಅವನ ಮುಂದೆಯೇ ಒಡೆದೆ, ತೋರಿಸುವ ಉತ್ಸಾಹ ನನಗೆ. ಮೇಲಿನ ಬಬಲ್ ಕವರ್ ತೆಗೆದಾಗ ಬಣ್ಣ ಪರವಾಗಿಲ್ಲ ಅನ್ನಿಸಿತು. ಬೆಳಕಿಗೆ ಹಿಡಿದರೆ ಮೈಯೆಲ್ಲ ಗೆರೆ ಗೆರೆ. ತ್ರೀಡಿ ಪ್ರಿಂಟ್ ಮಾಡಿ ಉಜ್ಜದೇ ಮೇಲೆ ಸ್ಪ್ರೇ ಹೊಡೆದಿದ್ದಾನೆ. ಸರಿ, ಅದನ್ನೂ ನುಂಗಿಕೊಂಡೆ. ಆಮೇಲೆ ಹಳಿ ಮೇಲೆ ಇಡಲು ಬಗ್ಗಿದೆ. ಮುಂದಿನ ಗಾಲಿ ಸೆಟ್ಟನ್ನು ಹಳಿಗೆ ಕೂರಿಸುವಾಗ ಬೆರಳಿಗೆ ಒಂದು ಆಕ್ಸಲ್ ಸಿಕ್ಕಿತು, ಇನ್ನೊಂದು ಸಿಕ್ಕಿತು, ಮೂರನೆಯದು ಸಿಗಲಿಲ್ಲ. ಹುಡುಕಿದೆ. ಇಂಜಿನ್ ಎತ್ತಿ ತಿರುಗಿಸಿದೆ. ಇಲ್ಲ. ಹಿಂದಿನದರಲ್ಲೂ ಇಲ್ಲ.

ಡಬ್ಲ್ಯೂಡಿಎಂ-2ಗೆ ಆರು ಆಕ್ಸಲ್, ಹನ್ನೆರಡು ಗಾಲಿ. ಮುಂದೆ ಮೂರು ಜೋಡಿ, ಹಿಂದೆ ಮೂರು ಜೋಡಿ. ಆ ಮೂರೂ ಸಮ ದೂರದಲ್ಲಿರಲ್ಲ, ಎರಡು ಹತ್ತಿರ, ಒಂದು ದೂರ. ಆಲ್ಕೋ ಗುರುತೇ ಅದು. ಪಕ್ಕದಿಂದ ಗಾಲಿ ನೋಡಿಯೇ ಇದು ಯಾವ ಇಂಜಿನ್ ಅಂತ ಹೇಳುವವರಿದ್ದಾರೆ ನಮ್ಮಲ್ಲಿ. ಇದರಲ್ಲಿ ಇದ್ದದ್ದು ಎಂಟು ಗಾಲಿ. ಯಾವುದೋ ಅಗ್ಗದ ಆಟಿಕೆ ರೈಲಿನ ಚಾಸಿಸ್ ಕಿತ್ತು ಕೂರಿಸಿ, ಪಕ್ಕದಲ್ಲಿ ಪ್ಲಾಸ್ಟಿಕ್ ತುಂಡು ಅಂಟಿಸಿ ಮರೆ ಮಾಡಿದ್ದಾನೆ. ಮೇಲಿನಿಂದ ಫೋಟೋ ತೆಗೆದರೆ ಕಾಣುವುದೇ ಇಲ್ಲ!

"ಎಷ್ಟಾಯ್ತು ಭಾವ ಇದಕ್ಕೆ?" ಅಂದ ಹೆಂಡತಿಯ ತಮ್ಮ. ಎರಡು ಸಾವಿರ ಅಂದೆ. "ಎರಡು ಸಾವಿರಾನಾ!" ಅಂತ ಅವನು ಬಾಯಿ ಬಿಟ್ಟ. ಅಡುಗೆಮನೆಯಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಪೂರ್ತಿ ಲೆಕ್ಕ ಗೊತ್ತು.

ಓಡಿಸಿದೆ. ಒಂದು ಕಡೆಯ ಗಾಲಿಗಳಿಗೆ ಮಾತ್ರ ಮೋಟಾರ್ ಇದೆ. ಮೂರು ಬೋಗಿ ತಗುಲಿಸಿದರೆ ನಿಂತಲ್ಲೇ ಗಾಲಿ ತಿರುಗುತ್ತದೆ. ಸ್ಕ್ರೂ ಬಿಚ್ಚಿ ಮೈ ಎತ್ತಿದೆ. ಡಿಸಿಸಿ ರೆಡಿ ಅಂದರೆ ಒಳಗೆ ಸಾಕೆಟ್ ಇರಬೇಕು, ಆ ಸಂಕೇತ ಓದುವ ಡಿಕೋಡರ್ ನಾವೇ ಚುಚ್ಚಿಕೊಂಡರಾಯಿತು. ಇಲ್ಲಿ ಸಾಕೆಟ್ಟೂ ಇಲ್ಲ, ಬೋರ್ಡೂ ಇಲ್ಲ. ಗಾಲಿಯಿಂದ ಎರಡು ವೈರ್ ನೇರ ಮೋಟಾರ್‌ಗೆ. ತೂಕಕ್ಕೆ ಅಂತ ಬೈಕಿಗೋ ಸ್ಕೂಟರ್‌ಗೋ ಹಾಕುವ ಎರಡು ನಟ್, ಗ್ಲೂ ಗನ್ನಿನಿಂದ ಅಂಟಿಸಿದ್ದು. ಒಂದಕ್ಕೆ ಇನ್ನೂ ಗ್ರೀಸ್ ಇತ್ತು. ಡೈ ಕಾಸ್ಟ್ ಚಾಸಿಸ್ಸಂತೆ!

ಅಳತೆಯೂ ಸುಳ್ಳು. ನಿಜವಾದ ಇಂಜಿನ್ ಸುಮಾರು 17 ಮೀಟರ್ ಉದ್ದ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು, 20 ಸೆಂಟಿಮೀಟರ್‌ಗೆ ಚೂರು ಕಮ್ಮಿ ಬರಬೇಕು. ಸ್ಕೇಲ್ ಇಟ್ಟರೆ ಇದು 17 ಕೂಡ ಮುಟ್ಟಲಿಲ್ಲ. ಸಿಕ್ಕಿದ ಚಾಸಿಸ್ಸಿಗೆ ತಕ್ಕಂತೆ ಮೈಯನ್ನು ಕುಗ್ಗಿಸಿಬಿಟ್ಟಿದ್ದಾನೆ. ಶೆಡ್ ಹೆಸರು? ಕೆಜೆಎಂ ಬದಲು ಕೆಆರ್‌ಜೆ ಅಂತ ಅಂಟಿಸಿದ್ದಾನೆ. "ನಮ್ಮೂರ ಶೆಡ್ಡೇ ಸರ್ ಅದು"!

ಈಗ ಉತ್ತರಗಳು. ಎಲ್ಲ ವಾಟ್ಸಾಪ್‌ನಲ್ಲಿವೆ, ಇಟ್ಟುಕೊಂಡಿದ್ದೇನೆ.

ಗಾಲಿ ಎಂಟೇ ಇವೆ ಅಂತ ಫೋಟೋ ಕಳಿಸಿದೆ. ಮೊದಲು ಹೆಬ್ಬೆರಳಿನ ಚಿತ್ರ ಬಂತು. ಹೆಬ್ಬೆರಳು! ನಾನು ಮತ್ತೆ ಬರೆದ ಮೇಲೆ: "ಹೌದು ಸರ್, ನಿಮ್ಮ ಕರ್ವ್ ಟೈಟ್ ಇರುತ್ತೆ ಅಂತ ಬೇಕಂತಲೇ ಹಾಗೆ ಮಾಡಿದ್ದು. ಸ್ಮೂತ್ ಆಗಿ ಹೋಗುತ್ತೆ." ನನ್ನ ತಿರುವು 22 ಇಂಚು ರೇಡಿಯಸ್ ಅಂತ ಆರ್ಡರ್ ದಿನವೇ ಬರೆದುಕೊಟ್ಟಿದ್ದೆ. ಆರು ಆಕ್ಸಲ್ ಇಂಜಿನ್ ಅದರಲ್ಲಿ ಆರಾಮಾಗಿ ತಿರುಗುತ್ತದೆ, ನನ್ನ ಅಮೆರಿಕದ ಇಂಜಿನ್ ದಿನಾ ತಿರುಗುತ್ತಿದೆ. ಅದನ್ನೇ ಹೇಳಿದೆ. ಅದಕ್ಕೆ: "ಓಡುವಾಗ ಗಾಲಿ ಯಾರು ಬ್ರೋ ಎಣಿಸ್ತಾರೆ?"

ನಾವು ಎಣಿಸುತ್ತೇವೆ! ನಾವು ಎಣಿಸದಿದ್ದರೆ ಇನ್ಯಾರು ಎಣಿಸುತ್ತಾರೆ? ಪ್ಲಾಟ್‌ಫಾರಂನಲ್ಲಿ ನಿಂತು ಬಾನೆಟ್ ಬಾಗಿಲು ಎಣಿಸುವ ಜನ ನಾವು. ಇಂಜಿನ್ ನಂಬರ್ ಬರೆದುಕೊಳ್ಳುವವರು, ಹಾರ್ನ್ ಕೇಳಿ ಶೆಡ್ ಹೇಳಲು ಹೊರಡುವವರು. ಈ ಹವ್ಯಾಸದಲ್ಲಿ ಬೇರೆ ಇರುವುದಾದರೂ ಏನು? ಆ ಎಣಿಕೆಗೇ ತಾನೇ ಅವನು 18,000 ತಗೊಂಡಿದ್ದು. ಗಾಲಿ ಎಷ್ಟಿದ್ದರೂ ನಡೆಯುತ್ತದೆ ಅನ್ನುವವನು ಜಾತ್ರೆಯಲ್ಲಿ ಇನ್ನೂರು ರೂಪಾಯಿಯ ರೈಲು ತಗೊಳ್ಳುತ್ತಾನೆ.

ಇಷ್ಟಕ್ಕೇ ನಿಲ್ಲಲಿಲ್ಲ. ಮಾರನೇ ದಿನ ಬಂದ ಮೆಸೇಜು ನೋಡಿ: "ನಿಮ್ಮ ಹಳಿಯೇ ಬ್ರಾಡ್ ಗೇಜ್ ಅಲ್ಲ. ಗಾಲಿ ಮಾತ್ರ ಯಾಕೆ ಕರೆಕ್ಟ್ ಇರಬೇಕು?" ಇದನ್ನು ಓದಿ ನನಗೆ ಕೈ ನಡುಗಿತು. ಯಾಕಂದ್ರೆ ಮಾತು ಸುಳ್ಳಲ್ಲ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್. ಎಚ್‌ಒ ಲೆಕ್ಕಕ್ಕೆ ಹಳಿ ಮಧ್ಯೆ 19 ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಇರಬೇಕು. ಅಂಗಡಿಯಲ್ಲಿ ಸಿಗುವುದು 16.5. ಅದು ಹೊರದೇಶಗಳ ಸ್ಟ್ಯಾಂಡರ್ಡ್ ಗೇಜ್‌ಗೆ ಮಾಡಿದ್ದು. ಇಂಡಿಯನ್ ಮಾಡೆಲ್ ಮಾಡುವ ಹೆಚ್ಚಿನವರು ಅದರ ಮೇಲೇ ಓಡಿಸುತ್ತೇವೆ, ಕಣ್ಣು ಮುಚ್ಚಿಕೊಂಡು. ಹಳಿ ಇಕ್ಕಟ್ಟಾಗಿದ್ದರೆ ಪರವಾಗಿಲ್ಲ, ಕಿಟಕಿಗೆ ಒಂದು ಸರಳು ಕಮ್ಮಿಯಾದರೆ ಜಗಳ. ನಮ್ಮ ಹುಚ್ಚೇ ಹಾಗೆ, ಎಲ್ಲಿ ಬಿಟ್ಟುಕೊಡಬೇಕು ಎಲ್ಲಿ ಬಿಡಬಾರದು ಅನ್ನುವುದು ನಮಗೆ ನಮಗೇ ಗೊತ್ತು. ಅದನ್ನೇ ಹಿಡಿದು ನನ್ನ ಮುಖಕ್ಕೆ ಎಸೆದ. ಒಳಗಿನವನು ಮಾತ್ರ ಹೀಗೆ ಚುಚ್ಚಬಲ್ಲ. ಹೊರಗಿನ ಮೋಸಗಾರನಿಗೆ 19 ಮಿಲಿಮೀಟರ್ ಕಥೆ ಎಲ್ಲಿ ಗೊತ್ತು?

ಕೆಜೆಎಂ ತಪ್ಪು ಬರೆದಿದ್ದೀರಿ ಅಂದಿದ್ದಕ್ಕೆ "ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸಿ, ಹೊಸ ಸ್ಟಿಕರ್ ಕಳಿಸ್ತೀನಿ" ಅಂದ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗಬಹುದು. ಸ್ಟಿಕರ್ ಇವತ್ತಿನವರೆಗೆ ಬಂದಿಲ್ಲ.

ಬಿಲ್ ಕೇಳಿದೆ. ಇಲ್ಲವಂತೆ. ಕೊರಿಯರ್ ಚೀಟಿಯಲ್ಲಿ ನೋಡಿದರೆ "ಗಿಫ್ಟ್" ಅಂತ ಬರೆದಿದ್ದಾನೆ. ನನಗೆ ಗಿಫ್ಟ್! ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ ಅಂದಾಗ: "ಆಟದ ಸಾಮಾನಿಗೆ ಕೇಸ್ ಹಾಕ್ತೀರಾ? ಹಾಕ್ಕೊಳ್ಳಿ, ಅಲ್ಲೂ ನಗ್ತಾರೆ." ಅದಾಗಿ ಅರ್ಧ ಗಂಟೆಗೆ: "ಬೇಜಾರಾಗಬೇಡಿ, ನೆಕ್ಸ್ಟ್ ಆರ್ಡರ್‌ಗೆ 1,000 ಕಮ್ಮಿ ಮಾಡ್ತೀನಿ. ಡಬ್ಲ್ಯೂಎಪಿ-7 ಬೇಕಾ?"

ಅಲ್ಲಿ ಯಾರೂ ನಗಲಿಲ್ಲ. 1915ರಲ್ಲಿ ಮಾತಾಡಿದ ಹುಡುಗಿ ಇಂಜಿನ್ ಹೆಸರು ಎರಡು ಸಲ ಕೇಳಿ ಬರೆದುಕೊಂಡಳು, "ಎಷ್ಟು ಗಾಲಿ ಇರಬೇಕಿತ್ತು ಸರ್?" ಅಂತಲೂ ಕೇಳಿದಳು.

ಜಾಹೀರಾತಿನ ಫೋಟೋ ಯಾರದ್ದು ಅಂತಲೂ ಆಮೇಲೆ ಗೊತ್ತಾಯಿತು. ಬೇರೆ ಊರಿನ ಒಬ್ಬ ಹಿರಿಯ ಹವ್ಯಾಸಿ ತಮಗೆಂದೇ ಮಾಡಿಕೊಂಡ ಇಂಜಿನ್. ಹಿಂದಿನ ಗೋಡೆಯ ಕ್ಯಾಲೆಂಡರ್ ಸಮೇತ ಅದೇ ಫೋಟೋ ಅವರ ಹತ್ತಿರ ಇದೆ. ಪಾಪ ಅವರಿಗೆ ನನಗಿಂತ ಹೆಚ್ಚು ಸಂಕಟವಾಯಿತು.

ಆದ್ದರಿಂದ ತಳದ ವಿಡಿಯೋ ಕೇಳಿ. ಒಂದು ಕಾಗದದ ಮೇಲೆ ನಿಮ್ಮ ಹೆಸರು, ಆ ದಿನದ ತಾರೀಕು ಬರೆದು ಇಂಜಿನ್ ಪಕ್ಕ ಇಟ್ಟು ತೆಗೆಯಲಿ. ಐದು ಬೋಗಿ ಎಳೆದು ತೋರಿಸಲಿ, ಮೈ ಬಿಚ್ಚಿ ಸಾಕೆಟ್ ತೋರಿಸಲಿ. ಆಮೇಲೆ ಬ್ಯಾಲೆನ್ಸ್. ಬಿಲ್ ಇಲ್ಲ ಅಂದರೆ ವ್ಯಾಪಾರ ಇಲ್ಲ. "ಪ್ಯಾಕ್ ಆಗಿಬಿಡ್ತು" ಅಂದರೆ ಬಿಚ್ಚು ಅನ್ನಿ. ಅವನ ಮನೆಯ ಸೆಲೋಟೇಪು ತಾನೇ.

ಬಣ್ಣ ಬಣ್ಣದ ಮಾತು, ಶೆಡ್ ಕೋಡು, ಇದಕ್ಕೆಲ್ಲ ಮರುಳಾಗಬೇಡಿ, ಕೋಡು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು.

ಇವತ್ತು ಬೆಳಿಗ್ಗೆ ಇದನ್ನು ಬರೆಯಲು ಕೂತಿದ್ದಕ್ಕೆ ಕಾರಣ ಇದೆ. ಆಸಾಮಿ ಈಗ ಮೀಟರ್ ಗೇಜ್ ವೈಪಿ ಉಗಿಬಂಡಿಯ ಜಾಹೀರಾತು ಹಾಕಿದ್ದಾನೆ. ಎಚ್‌ಒ ಸ್ಕೇಲ್, 16.5 ಹಳಿ ಮೇಲೆ ಓಡುತ್ತದೆ ಅಂತ ಬರೆದಿದ್ದಾನೆ. ಆ ಸ್ಕೇಲಿನಲ್ಲಿ ಮೀಟರ್ ಗೇಜ್‌ಗೆ ಹಾಕುವುದು 12 ಮಿಲಿಮೀಟರ್ ಹಳಿ, 16.5 ಅಲ್ಲ. ಅಂದರೆ ಮತ್ತೆ ಯಾವುದೋ ಆಟಿಕೆಯ ಚಾಸಿಸ್ ಸಿಕ್ಕಿದೆ ಅವನಿಗೆ. ಹತ್ತು ಜನಕ್ಕೆ ಮಾತ್ರ ಅಂತೆ, ಅರ್ಧ ಮುಂಗಡವಂತೆ. ಕೆಳಗೆ ಆಗಲೇ ನಾಲ್ಕು ಜನ "ಇಂಟರೆಸ್ಟೆಡ್" ಅಂದಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದುಡ್ಡು ಹಾಕುವ ಮೊದಲು ನನಗೊಂದು ಮೆಸೇಜ್ ಮಾಡಿ, ನಟ್ಟಿನ ಫೋಟೋ ಕಳಿಸುತ್ತೇನೆ.