ಜನವರಿಯಲ್ಲೇ ಅರಳುವ ಡ್ಯಾಫೋಡಿಲ್: ಐದು ಚಳಿಗಾಲ ಬೆಳೆಸಿ ನೋಡಿದ್ದು

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಮನೆ ಹಿಂದೆ ಎರಡು ಚಾಪೆ ಹಾಸುವಷ್ಟು ಜಾಗ. ಚಳಿಗಾಲವಿಡೀ ಅಲ್ಲಿ ಬರೀ ಕೆಸರು. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ದಿನಗಳಲ್ಲಿ ಕಿಟಕಿಯಾಚೆ ಒಂಚೂರು ಬಣ್ಣ ಕಂಡರೆ ಸಾಕಪ್ಪ ಅಂತ 2019ರ ಸೆಪ್ಟೆಂಬರ್‌ನಲ್ಲಿ ಬೇಗ ಹೂ ಬಿಡುವ ಮೂರು ತಳಿಯ ಡ್ಯಾಫೋಡಿಲ್ ಗೆಡ್ಡೆ ತಂದೆ. ಈರುಳ್ಳಿಯಂಥ ಗೆಡ್ಡೆಯಿಂದ ಚಿಗುರಿ, ಸಾಮಾನ್ಯವಾಗಿ ವಸಂತದಲ್ಲಿ ಹಳದಿ ಹೂ ಬಿಡುವ ಗಿಡ ಇದು.

'ಫೆಬ್ರುವರಿ ಗೋಲ್ಡ್' ಹೆಸರಿಗಷ್ಟೇ ಫೆಬ್ರುವರಿ. ನಮ್ಮಲ್ಲಿ ಒಂದು ವರ್ಷವೂ ಮಾರ್ಚ್‌ಗೆ ಮುಂಚೆ ಅರಳಿಲ್ಲ. ಎಸಳು ಹಿಂದಕ್ಕೆ ಬಾಗಿದ ಹೂವೇನೋ ಬಲು ಚೆಂದ. 'ಟೆಟಾಟೆಟ್' ಗೇಣುದ್ದದ ಗಿಡ, ಒಂದೇ ಕಡ್ಡಿಯಲ್ಲಿ ಎರಡೆರಡು ಹೂ, ಕುಂಡಕ್ಕೆ ಹೇಳಿ ಮಾಡಿಸಿದ್ದು.

ನನ್ನ ಮನಸ್ಸು ಗೆದ್ದದ್ದು 'ರೈನ್‌ವೆಲ್ಡ್ಸ್ ಅರ್ಲಿ ಸೆನ್ಸೇಷನ್'. ಮೂರನೇ ಚಳಿಗಾಲದಲ್ಲಿ ಸಂಕ್ರಾಂತಿಗೆ ಮುಂಚೆಯೇ ಅರಳಿತ್ತು. ಒಂದು ಬೆಳಿಗ್ಗೆ ನೋಡಿದರೆ ಹಿಮಕ್ಕೆ ಎಲ್ಲ ಕಡ್ಡಿಗಳೂ ನೆಲಕ್ಕೆ ಒರಗಿವೆ. ಹೋಯಿತು ಅಂದುಕೊಂಡೆ. ಹನ್ನೊಂದರ ಹೊತ್ತಿಗೆ ಬಿಸಿಲು ಬಿದ್ದು ಹಿಮ ಕರಗಿದ್ದೇ ತಡ, ಒಂದೊಂದೇ ಎದ್ದು ನಿಂತವು.

ಕೊಳ್ಳುವಾಗ ಗೆಡ್ಡೆಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಿರಬೇಕು, ಕೈಗೆ ತೂಕ ಗೊತ್ತಾಗಬೇಕು. ಎರಡನೇ ವರ್ಷ ಆನ್‌ಲೈನ್‌ನಲ್ಲಿ ತರಿಸಿದ ಇಪ್ಪತ್ತರಲ್ಲಿ ಆರು ಮೆತ್ತಗಿದ್ದವು. ಒಂದನ್ನು ಕೊಯ್ದರೆ ಒಳಗೆಲ್ಲ ಕಂದು ಹಿಟ್ಟು, ನಡುವೆ ದಪ್ಪನೆಯ ಬಿಳಿ ಹುಳು: ಗೆಡ್ಡೆ ನೊಣದ ಮರಿ. ಫೋಟೊ ಕಳಿಸಿದ್ದಕ್ಕೆ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಬಂತು. ಹಣ ಬರಲಿಲ್ಲ.

ಸೆಪ್ಟೆಂಬರ್‌ನಲ್ಲೇ ನೆಡಬೇಕು, ಗೆಡ್ಡೆಯ ಎತ್ತರದ ಮೂರರಷ್ಟು ಆಳಕ್ಕೆ, ಅಂದರೆ ಸುಮಾರು 15 ಸೆಂ.ಮೀ. ನೀರು ನಿಂತರೆ ಕೊಳೆಯುತ್ತದೆ. ಹೂ ಬಾಡಿದ ಮೇಲೆ ಎಲೆಗಳನ್ನು ಆರು ವಾರವಾದರೂ ಮುಟ್ಟಬೇಡಿ, ಮುಂದಿನ ವರ್ಷದ ಹೂವಿಗೆ ಬುತ್ತಿ ಕಟ್ಟುವುದು ಅವೇ. ಪಕ್ಕದ ಮನೆಯಾಕೆ ಎಲೆಗೆ ಜಡೆ ಹೆಣೆದು ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಅದೂ ತಪ್ಪೇ, ಬಿಸಿಲು ಸರಿಯಾಗಿ ತಾಗುವುದಿಲ್ಲ. ನಾನೇನು ಕಮ್ಮಿ? ನಾಲ್ಕನೇ ವಸಂತದಲ್ಲಿ ಅವಸರಪಟ್ಟು ಹುಲ್ಲಿನ ಜೊತೆ ಎಲೆಯನ್ನೂ ಕತ್ತರಿಸಿದೆ. ಮರುವರ್ಷ ಆ ಸಾಲಿನಲ್ಲಿ ಬರೀ ಸೊಪ್ಪು.

ಟ್ಯುಲಿಪ್ ಗೆಡ್ಡೆಗಳನ್ನು ಅಳಿಲುಗಳು ಅಗೆದು ತಿಂದವು, ಡ್ಯಾಫೋಡಿಲ್ ತಂಟೆಗೆ ಬರಲಿಲ್ಲ. ಕಾರಣ ಗೆಡ್ಡೆಯಲ್ಲಿರುವ ವಿಷ. ಊರಿಂದ ಬಂದಿದ್ದ ಅಮ್ಮ ಬಾಗಿಲ ಬಳಿಯ ಚೀಲ ನೋಡಿ ಸಾಂಬಾರ್ ಈರುಳ್ಳಿ ಅಂತ ನಾಲ್ಕು ಗೆಡ್ಡೆ ಈಳಿಗೆಮಣೆ ಪಕ್ಕ ಇಟ್ಟುಕೊಂಡಿದ್ದರು! ತಿಂದಿದ್ದರೆ ವಾಂತಿ ಗ್ಯಾರಂಟಿ. ಈಗ ಚೀಲ ಗ್ಯಾರೇಜಿನಲ್ಲಿ.

ಬೆಂಗಳೂರಿನ ತಂಗಿ ತನಗೂ ಬೇಕು ಅಂದಳು. ಬೇಡ ಅಂದೆ. ಈ ಗೆಡ್ಡೆಗೆ ಮೂರು ತಿಂಗಳಾದರೂ ನೆಲದ ಚಳಿ ಬೇಕು, ಅಲ್ಲಿ ಫ್ರಿಜ್ಜಿನಲ್ಲಿಟ್ಟು ಒಮ್ಮೆ ಅರಳಿಸಬಹುದು ಅಷ್ಟೆ.

ಐದಕ್ಕೆ ನನ್ನ ಅಂಕ: ರೈನ್‌ವೆಲ್ಡ್‌ಗೆ ಐದು, ಟೆಟಾಟೆಟ್‌ಗೆ ನಾಲ್ಕು, ಫೆಬ್ರುವರಿ ಗೋಲ್ಡ್‌ಗೆ ಮೂರು. ಈ ಸೆಪ್ಟೆಂಬರ್‌ಗೆ ಇನ್ನೂ ಹತ್ತು ರೈನ್‌ವೆಲ್ಡ್, ಪಾತ್ರೆ ತೊಳೆಯುವಾಗ ಕಾಣುವ ಹಾಗೆ ಅಡುಗೆಮನೆ ಕಿಟಕಿಯ ಕೆಳಗೆ.