ನಮ್ಮೂರ ಅಂಗನವಾಡಿ: ಮಗನಿಗೆ ನಾಲ್ಕೂವರೆ ಸ್ಟಾರ್, ಮಗಳಿಗೆ ಎರಡು

ನಾವಿರುವುದು ಕೊಡಗಿನ ಸಿದ್ದಾಪುರದ ಕಡೆ, ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂಕಾಲು. ಇಬ್ಬರ ಹೆಸರೂ ನಮ್ಮೂರ ಅಂಗನವಾಡಿಯಲ್ಲಿದೆ. ಬಿರಿಯಾನಿ ಅಂಗಡಿಗೆಲ್ಲ ಸ್ಟಾರ್ ಕೊಡುತ್ತಾರೆ, ಇದಕ್ಕೂ ಕೊಡೋಣ ಅಂತ ಕೂತೆ. ಮಗನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಮಗಳ ಲೆಕ್ಕದಲ್ಲಿ ಎರಡು, ಅದೂ ಟೀಚರ್ ಮುಖ ನೋಡಿ.

ಮೊದಲು ಮಗನದು. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು, ಸಂಜೆ ನಾಲ್ಕಕ್ಕೆ ಬಿಡುತ್ತಾರೆ. ಹಾಲು, ಮಧ್ಯಾಹ್ನ ಬಿಸಿ ಊಟ, ವಾರಕ್ಕೆರಡು ಮೊಟ್ಟೆ. ಸಾಂಬಾರು ಸ್ವಲ್ಪ ನೀರು ನೀರು. ಆದರೆ ಆಯಮ್ಮ ಒಬ್ಬೊಬ್ಬರ ಕೈ ತೊಳೆಸಿಯೇ ತಟ್ಟೆ ಇಡುವುದು. ಮನೆಯಲ್ಲಿ ಸೊಪ್ಪು ಕಂಡರೆ ಓಡುವವನು, ಅಲ್ಲಿ ಪಕ್ಕದವಳು ತಿಂದಳು ಅಂತ ತಾನೂ ತಿನ್ನುತ್ತಾನೆ. ನಮ್ಮ ಲೈನಲ್ಲಿ ಯರವ, ತಮಿಳು, ಮಲಯಾಳ ಮಾತಾಡುವವರಿದ್ದಾರೆ, ಈಗ ಅಸ್ಸಾಮಿನವರೂ ಬಂದಿದ್ದಾರೆ. ಆ ಅಸ್ಸಾಮಿನ ಮನೆ ಹುಡುಗಿ ಸೇರಿದಾಗ ಮೂರು ವಾರ ಬಾಯಿ ಬಿಟ್ಟಿರಲಿಲ್ಲ. ಈಗ ನನ್ನ ಮಗನಿಗೇ "ಏಯ್, ಸಾಲಲ್ಲಿ ನಿಲ್ಲೋ" ಅಂತ ಜೋರು ಮಾಡುತ್ತಾಳೆ!

ಇನ್ನು ಮಗಳದು. ಮೂರು ವರ್ಷ ತುಂಬುವವರೆಗೆ ಮಗುವನ್ನು ಅಲ್ಲಿ ಬಿಡುವ ಹಾಗಿಲ್ಲ. ತೂಕ ನೋಡುತ್ತಾರೆ, ಚುಚ್ಚುಮದ್ದಿನ ದಿನ ಹೇಳುತ್ತಾರೆ, ಮನೆಗೆ ಪೌಷ್ಟಿಕ ಆಹಾರದ ಪ್ಯಾಕೆಟ್ ಕೊಡುತ್ತಾರೆ. ಅಷ್ಟೇ. ತೂಕ ನೋಡುವುದು ಸಣ್ಣ ಕೆಲಸ ಅಂತ ಹೇಳುತ್ತಿಲ್ಲ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಇವಳ ತೂಕ ಚಾರ್ಟಿನ ಹಸಿರು ಪಟ್ಟಿಯಿಂದ ಹಳದಿಗೆ, ಅಂದರೆ ಕಡಿಮೆ ತೂಕಕ್ಕೆ ಇಳಿದಾಗ, ಆ ಮಳೆಯಲ್ಲಿ ಕೊಡೆ ಹಿಡಿದು ಲೈನ್ ಮನೆವರೆಗೆ ನಡೆದು ಬಂದು, "ನಾಳೆನೇ ಆಸ್ಪತ್ರೆಗೆ ಕರ್ಕೊಂಡು ಹೋಗಮ್ಮ" ಅಂದಿದ್ದು ಟೀಚರೇ. ಎರಡು ಸ್ಟಾರ್ ಅದಕ್ಕೇ.

ಪ್ಯಾಕೆಟ್ ಕಥೆ ಮಾತ್ರ ಕೇಳಬೇಡಿ. ಈಗ ಪ್ಯಾಕೆಟ್ ಬೇಕಾದರೆ ಅಂಗನವಾಡಿಯ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರಿಗೆ ತಾಯಿ ಮುಖ ತೋರಿಸಬೇಕು. ಜನವರಿಯಲ್ಲಿ ಕೊಯ್ಲಿನ ಮಧ್ಯದಿಂದ ಹೋಗಿದ್ದೆ, ತಲೆಗೆ ಟವೆಲ್ ಸುತ್ತಿತ್ತು. ಆ್ಯಪ್ ಒಪ್ಪಲಿಲ್ಲ. ಟವೆಲ್ ಬಿಚ್ಚಿದೆ, ಮುಖ ತೊಳೆದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಟೀಚರ್ ಫೋನ್ ಮೇಲೆತ್ತಿ ಹಲಸಿನ ಮರ ಸುತ್ತುತ್ತಿದ್ದಾರೆ, ಹಿಂದೆ ನಾನು, ನನ್ನ ಸೊಂಟದಲ್ಲಿ ಇವಳು. ಕೊಯ್ಲಿನಲ್ಲಿ ನಮಗೆ ಕೆಜಿ ಲೆಕ್ಕದ ಕೂಲಿ, ಒಂದು ಪ್ಯಾಕೆಟ್ಟಿಗೆ ಅರ್ಧ ದಿನ ಹೋಯಿತು.

ಆದರೆ ನನ್ನ ದೊಡ್ಡ ತಕರಾರು ಪ್ಯಾಕೆಟ್ ಬಗ್ಗೆ ಅಲ್ಲ. ಬೆಳಿಗ್ಗೆ ಎಂಟಕ್ಕೆ ನಾನು ತೋಟದಲ್ಲಿರಬೇಕು, ಆಗ ಈ ಮಗು ಎಲ್ಲಿರಬೇಕು? ಈ ಸಲ ಎರಡು ಸಿಲ್ವರ್ ಮರದ ನಡುವೆ ಸೀರೆ ಜೋಲಿ ಕಟ್ಟಿ ಮಲಗಿಸಿದ್ದೆ. ಒಂದು ದಿನ ಕಿರುಚಿದಳು ಅಂತ ಓಡಿದರೆ ಕಿವಿ ಹಿಂದೆ ಕೆಂಜಿಗ ಕಚ್ಚಿ ಹಿಡಿದಿದೆ. ಎಳೆದರೆ ಮೈ ಮಾತ್ರ ಕೈಗೆ ಬಂತು, ತಲೆ ಅಲ್ಲೇ. ಇನ್ನು ಆನೆ ಬಂತು ಅಂತ ಯಾರಾದರೂ ಕೂಗಿದರೆ ಕೊಯ್ಲಿನ ಚೀಲ ಬಿಸಾಕಿ ಜೋಲಿ ಕಡೆ ಓಡುವುದು.

ನಮ್ಮ ಪಕ್ಕದ ಮೈಸೂರು ಜಿಲ್ಲೆ ಟಿ. ನರಸೀಪುರದಲ್ಲಿ 1975ರ ಅಕ್ಟೋಬರ್ 2ಕ್ಕೆ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವಂತೆ. ಐವತ್ತು ವರ್ಷ ಆಯಿತು, ಮೂರು ತುಂಬದ ಮಗುವಿನ ತಾಯಿಯೂ ಕೂಲಿಗೆ ಹೋಗುತ್ತಾಳೆ ಅನ್ನುವುದು ಇನ್ನೂ ಇವರ ಟೈಮ್‌ಟೇಬಲ್ಲಿಗೆ ಬಂದಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ, 50 ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ ಇರಬೇಕು ಅಂತಿತ್ತು. ನಮ್ಮಲ್ಲಿ ನಾವು ಹನ್ನೆರಡು ಜನ. ಪಂಚಾಯಿತಿಯ ಕೂಸಿನ ಮನೆ ಸರಿಯಾಗಿ ಇಷ್ಟು ಚಿಕ್ಕ ಮಕ್ಕಳಿಗೇ ಇರುವುದು, ಆದರೆ ಅದು ನರೇಗಾ ಕೆಲಸಕ್ಕೆ ಹೋಗುವವರಿಗೆ ಅಂತ ಶುರುವಾದದ್ದು, ನಮಗೆ ಹತ್ತಿರದಲ್ಲಿ ಒಂದೂ ಇಲ್ಲ.

ಹೊಸದಾಗಿ ಸೇರಿಸುವವರು ತಾಯಿ ಕಾರ್ಡು, ಆಧಾರ್ ಎರಡೂ ತೆಗೆದುಕೊಂಡು ಹೋಗಿ. ಮಳೆಗಾಲದಲ್ಲಿ ಇನ್ನೊಂದು ಜೊತೆ ಬಟ್ಟೆ ಕಳಿಸಿ, ಅಂಗಳ ಪೂರ್ತಿ ಕೆಸರು.

ಮುಂದಿನ ಡಿಸೆಂಬರಿಗೆ ಮಗಳಿಗೆ ಎರಡು ತುಂಬುತ್ತದೆ. ಆಮೇಲೆ ಜೋಲಿಯಲ್ಲಿ ನಿಲ್ಲುತ್ತಾಳಾ? ಪಿರಿಯಾಪಟ್ಟಣದಿಂದ ಅಮ್ಮನನ್ನು ಕರೆಸಬೇಕು. ಬಸ್ಸೇನೋ ಫ್ರೀ, ಅವರ ಮಂಡಿ ನೋವಿಗೆ ಈ ತೋಟದ ಇಳಿಜಾರು ಆಗಿಬರುವುದಿಲ್ಲ.