ಸಣ್ಣ ಊರಿನ ಕಥೆ: ಸ್ವಾಮಿಯೋ, ಕರ್ವಾಲೊನೋ?

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಹೋಗುವ ಗೆಳತಿ ಕೇಳಿದಳು: ಸಣ್ಣ ಊರಿನ, ಮನಸ್ಸಿಗೆ ಹಿತವಾದ ಕಾದಂಬರಿ ಬೇಕು. ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಓದಲೋ, ತೇಜಸ್ವಿಯವರ 'ಕರ್ವಾಲೊ' (1980) ಓದಲೋ?

ರೈಲಿಗಾದರೆ ಸ್ವಾಮಿ. ಅಧ್ಯಾಯಗಳು ಪುಟ್ಟವು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಪರೀಕ್ಷೆ, ಕ್ರಿಕೆಟ್, ಗೆಳೆಯರ ಜಗಳ. ಕಥೆ ನಡೆಯುವ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ, ಆದರೂ ನಮ್ಮ ಬೀದಿಯೇ ಅನ್ನಿಸುತ್ತದೆ, ಅಲ್ವಾ? ಓದಿ ಮುಗಿಸಿ ಮೈಸೂರಿನ ಯಾದವಗಿರಿಗೆ ಹೋದರೆ ನಾರಾಯಣರ ಮನೆಯನ್ನೂ ನೋಡಬಹುದು, ಈಗ ಅದು ಮ್ಯೂಸಿಯಂ.

ಕರ್ವಾಲೊಗೆ ಒಂದು ಭಾನುವಾರ ಬೇಕು. ಜೇನು, ಹಳ್ಳಿಯ ಮಂದಣ್ಣ, 'ಕಿವಿ' ಎಂಬ ಹೆಸರಿನ ನಾಯಿ, ಕೊನೆಗೆ ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ. ನಡುವೆ ಬಿಟ್ಟೇಳಲು ಮನಸ್ಸಾಗದು. ಬರೆದದ್ದೇ ಕನ್ನಡದಲ್ಲಿ, ಹಾಗಾಗಿ ಕಥೆ ನಡೆಯುವ ಮಲೆನಾಡಿನ ಮೂಡಿಗೆರೆಯ ಮಾತು ನೇರ ಕಿವಿಗೆ ಬೀಳುತ್ತದೆ.

ಬೆಲೆ ಎರಡಕ್ಕೂ ಜಾಸ್ತಿ ಇಲ್ಲ. ಮಕ್ಕಳಿಗೆ ಓದಿ ಹೇಳುವುದಿದ್ದರೆ ಸ್ವಾಮಿ. ಮಳೆ ಹಿಡಿದ ದಿನ ಸುಮ್ನೆ ಒಬ್ಬಳೇ ಕೂತರೆ ಕರ್ವಾಲೊ.